ಐಸ್ ಗುಡ್ಡದ ಚಪ್ಪಟೆ ತಲೆ

ಲಾರಿಯ ಹಿಂದೆ ಸಿಕ್ಕಿಕೊಂಡರೆ ಎಲ್ಲರೂ ಬೈದುಕೊಳ್ಳುತ್ತಾರೆ. ನಾನು ಮಾತ್ರ ಕನ್ನಡಕ ಸರಿಮಾಡಿಕೊಂಡು ಅದರ ಹಿಂಬಾಗಿಲನ್ನು ನೋಡುತ್ತೇನೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಹಳೆಯ ಲಾರಿಗಳ ಬೆನ್ನ ಮೇಲೆ ಈಗಲೂ ಅಲ್ಲೊಂದು ಇಲ್ಲೊಂದು ಹಿಮದ ಬೆಟ್ಟ ಉಳಿದಿದೆ. ಕೆಳಗೆ ನೀಲಿ ಕೆರೆ, ದಂಡೆಗೆ ಮೊನಚು ಮರಗಳು, ಒಂದು ಗುಡಿಸಲು, ಹಿಂದೆ ಬೆಳ್ಳಗಿನ ಬೆಟ್ಟ. ಅದಿರಿನ ಧೂಳು ಕೂತು ಹಿಮವೆಲ್ಲ ಕೆಂಪಾಗಿರುತ್ತದೆ. ನಾನು ನೋಡುವುದು ಒಂದನ್ನೇ: ಬೆಟ್ಟದ ತಲೆ ಚೂಪಾಗಿದೆಯೋ, ಚಪ್ಪಟೆಯಾಗಿದೆಯೋ? ಚೂಪಾಗಿದ್ದರೆ ಅದು ನಾನು ಬುದ್ಧಿ ಹೇಳಿದ ಮೇಲೆ ಬರೆದದ್ದು. ಚಪ್ಪಟೆಯಾಗಿರುವುದು ಇಷ್ಟು ದಿನಕ್ಕೆ ಒಂದೂ ಕಣ್ಣಿಗೆ ಬಿದ್ದಿಲ್ಲ.

ಆ ಬೆಟ್ಟಗಳನ್ನು ಬರೆದವರು ಹೋದ ತಿಂಗಳು ಬಂಡ್ರಿಯ ಹತ್ತಿರದ ತಮ್ಮ ಊರಿನಲ್ಲಿ ತೀರಿಕೊಂಡರು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಪೇಂಟರ್ ಎಂದು. ಹೊಸಪೇಟೆಯ ಅರ್ಧ ಅಂಗಡಿಗಳ ಬೋರ್ಡಿನ ಮೇಲೆ ಬೇರೆಯವರ ಹೆಸರು ಬರೆದ ಮನುಷ್ಯ ಒಂದರ ಮೂಲೆಯಲ್ಲೂ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಅವರೇ ಹಾಕದ್ದನ್ನು ನಾನು ಇಲ್ಲಿ ಹಾಕುವುದು ಬೇಡ.

ನಾನು ಭೂಗೋಳದ ಟೀಚರ್ ಆಗಿದ್ದವಳು. ಕೆಲಸ ಹೊಸತು, ಮದುವೆಯೂ ಹೊಸತು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ಬಾಡಿಗೆಗೆ ಇದ್ದೆವು. ಸ್ಟುಡಿಯೋದಲ್ಲಿ ಮೂರು ಪರದೆಗಳಿದ್ದವು: ಹಂಪಿಯ ಕಲ್ಲಿನ ರಥ, ತಾಜಮಹಲು ಮತ್ತು ಹಿಮದ ಬೆಟ್ಟ. ರಥದ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. "ಅದು ಇಲ್ಲೇ ಐತಲ್ರಿ, ಯಾವಾಗ ಬೇಕಾದ್ರೂ ಹೋಗಿ ನೋಡಬೌದು" ಎನ್ನುತ್ತಿದ್ದರು. ತಾಜಮಹಲು ಗೋರಿಯಂತೆ, ಹೊಸ ಮದುಮಕ್ಕಳಿಗೆ ಆಗಿಬರುವುದಿಲ್ಲವಂತೆ. ಹಾಗಾಗಿ ಮರಿಯಮ್ಮನಹಳ್ಳಿಯಿಂದ ಬಂದ ಗಂಡ ಹೆಂಡತಿ, ಕಂಪ್ಲಿಯ ರೈಸ್ ಮಿಲ್ಲಿನವರ ಮನೆಮಂದಿ, ಯಾರೇ ಬರಲಿ, ಕೇಳುವುದು ಒಂದೇ ಮಾತು: "ಐಸ್ ಗುಡ್ಡದ ಮುಂದ ತೆಗೀರಿ."

"ಐಸ್ ಗುಡ್ಡ ಅಲ್ಲ, ಹಿಮಪರ್ವತ" ಎಂದು ನಾನು ಮೆಟ್ಟಿಲ ಮೇಲೆ ನಿಂತೇ ತಿದ್ದುತ್ತಿದ್ದೆ. ತಿದ್ದುವುದು ನನಗೆ ಹುಟ್ಟಿನಿಂದ ಬಂದ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಮ್ಮ ಯಜಮಾನರು ಇದ್ದಷ್ಟು ದಿನ ಹೇಳುತ್ತಿದ್ದರು.

ಪರದೆಗಳನ್ನು ಬರೆದವರು ಪೇಂಟರ್. ಉದ್ದಕ್ಕೆ, ಕಡ್ಡಿಯಂತೆ ಇದ್ದರು. ಎಡಗೈಯಲ್ಲಿ ಬರೆಯುವರು, ಬಲಗೈಯಲ್ಲಿ ಉಣ್ಣುವರು. ಬ್ರಷ್ ಒರೆಸಲು ಪಕ್ಕದಲ್ಲೇ ಬಟ್ಟೆ ಇದ್ದರೂ ಒರೆಸುವುದು ತೊಡೆಗೆ. ಅವರ ಪ್ಯಾಂಟು ನನ್ನ ಕ್ಲಾಸಿನ ಭೂಪಟಕ್ಕಿಂತ ಬಣ್ಣಬಣ್ಣವಾಗಿತ್ತು. ಹಗಲು ಬೋರ್ಡು, ಲಾರಿ, ಗೋಡೆ ಬರಹ. ಸಂಜೆ ಸ್ಟುಡಿಯೋದ ಹಿಂದಿನ ಅಂಗಳದಲ್ಲಿ ಮಾಸಿದ ಪರದೆಗಳ ರಿಪೇರಿ.

ಒಂದು ಸಂಜೆ ಶಾಲೆಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನಿಂದ ದನಿ ಬಂತು.

"ಅಕ್ಕಾರ, ನೀವು ಭೂಗೋಳ ಅಲ್ಲೇನ್ರಿ? ಒಂದು ಮಾತು. ಐಸು ಯಾವ ಬಣ್ಣ ಇರತೈತಿ?"

ನಮ್ಮ ಕಡೆ ಹೆಣ್ಣು ಮೇಷ್ಟ್ರಿಗೆ ಅಕ್ಕಾರು ಎನ್ನುತ್ತಾರೆ. ಆದರೆ ಅವತ್ತಿನವರೆಗೆ ಯಾವ ದೊಡ್ಡವರೂ ನನ್ನನ್ನು ಹಾಗೆ ಕರೆದು ಪಾಠ ಕೇಳಿರಲಿಲ್ಲ. ಸ್ವಲ್ಪ ಉಬ್ಬಿಯೇ ಹೇಳಿದೆ, "ಬಿಳಿ."

"ಅಲ್ರೀ. ಬೆಳ್ಳಗ ಇರೋದು ಉಪ್ಪು. ನಿನ್ನಿ ಮಧ್ಯಾಹ್ನ ಐಸ್ ಫ್ಯಾಕ್ಟರಿಗೆ ಹೋಗಿ ದೊಡ್ಡ ಗಡ್ಡಿ ಮುಂದ ಕುಂತು ನೋಡೀನಿ. ಮ್ಯಾಲೆ ಬಿಳಿ, ಒಳಗ ನೀಲಿ. ಬಿರುಕಿನಾಗ ಇಷ್ಟೇ ಇಷ್ಟು ಹಸರು. ಬುಕ್ಕಿನಾಗ ಏನಂತ ಬರದಾರ ನೋಡಿ ಹೇಳ್ರಿ."

ಬುಕ್ಕಿನಲ್ಲಿ ಏನೂ ಬರೆದಿರಲಿಲ್ಲ. ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದೆ. ವರ್ಷವರ್ಷವೂ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಅಮುಕಿ, ಒಳಗಿನ ಗಾಳಿಯೆಲ್ಲ ಹೊರಟುಹೋಗಿ ಗಟ್ಟಿ ಮಂಜುಗಡ್ಡೆಯಾದಾಗ ನಿಜಕ್ಕೂ ನೀಲಿಯಾಗಿ ಕಾಣುತ್ತದಂತೆ. ಹೊಸಪೇಟೆಯ ಉರಿಬಿಸಿಲಿನಲ್ಲಿ, ಹೊಟ್ಟಿನಲ್ಲಿ ಹೂತಿಟ್ಟ ಒಂದು ಐಸ್ ಗಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಈ ಮನುಷ್ಯ ಅದನ್ನು ಕಂಡುಕೊಂಡಿದ್ದರು. ನನಗೆ ನಾಚಿಕೆಯಾಯಿತು. ಅವತ್ತಿನಿಂದ ಅವರ ಮೇಲೆ ಪ್ರೀತಿಯೂ ಹುಟ್ಟಿತು.

ಹೀಗೆ ನಮ್ಮ ಪಾಠ ಶುರುವಾಯಿತು. ನಾನು ಅಟ್ಲಾಸು, ಚಾರ್ಟು ಹಿಡಿದು ಮೆಟ್ಟಿಲ ಮೇಲೆ ಕೂರುವುದು, ಅವರು ಕೆಳಗೆ ಪರದೆಯ ಪಕ್ಕ ಕೂತು ಕೇಳುವುದು. ನಡುವೆ ನಮ್ಮ ಯಜಮಾನರು ತಂದಿಟ್ಟ ಮಂಡಕ್ಕಿ ವಗ್ಗರಣಿ, ಮಿರ್ಚಿ. ಒಂದು ಎತ್ತರದಿಂದ ಮೇಲೆ ಮರ ಬೆಳೆಯುವುದಿಲ್ಲ, ಬರೀ ಹುಲ್ಲು, ಅದರ ಮೇಲೆ ಬರೀ ಬಂಡೆ, ಅದಕ್ಕೂ ಮೇಲೆ ಯಾವತ್ತೂ ಕರಗದ ಹಿಮ ಎಂದು ನಾನು ಹೇಳಿದರೆ, ಅವರು ಮರಗಳ ಕೊನೆಯ ಸಾಲನ್ನು ಬೆರಳಿನಿಂದ ಮುಟ್ಟಿ, "ಹಂಗಾರ ಇದು ಗಿಡ ಸುಸ್ತಾಗಿ ಕುಂತ ಜಾಗ" ಎನ್ನುತ್ತಿದ್ದರು. ಹಿಮನದಿ ಅವರ ಬಾಯಲ್ಲಿ 'ನಡಿಯೋ ಐಸು' ಆಯಿತು. ಹಿಮನದಿ ಇಳಿಯುವಾಗ ಬಂಡೆ ಮಣ್ಣನ್ನೆಲ್ಲ ಕೆರೆದು ತಂದು ಬುಡದಲ್ಲಿ ಗುಡ್ಡೆ ಹಾಕುತ್ತದೆ ಎಂದೆ. ಗಣಿಗಳ ಸಂಡೂರು ತಾಲೂಕಿನವರು ತಾನೆ, ತಟ್ಟನೆ ಅಂದರು, "ಡಂಪ್ ಅನ್ರಿ ಅದಕ್ಕ. ಮೈನಿನಾಗ ಹಾಕತಾರಲ್ಲ, ಹಂಗ." ನೀರು ಕೊರೆದ ಕಣಿವೆ ಕಿರಿದು, ಹಿಮ ಕೊರೆದ ಕಣಿವೆ ಅಗಲ ಎಂದರೆ, "ನೀರು ಕುಡಗೋಲು, ಐಸು ಸಲಿಕಿ." ಮರುದಿನ ಕ್ಲಾಸಿನಲ್ಲಿ ನಾನು ಇದನ್ನೇ ಹೇಳಿದೆ. ಅದುವರೆಗೆ ಅರ್ಥವಾಗದ ಪಾಠ ಅವತ್ತು ಮಕ್ಕಳಿಗೆ ಅರ್ಥವಾಯಿತು.

ಹೇಳಿದ್ದನ್ನೆಲ್ಲ ಅವರು ಪರದೆಯ ಮೇಲೆ ತರುತ್ತಿದ್ದರು ಎಂದೇನೂ ಇಲ್ಲ. ಕಂಪ್ಲಿಯ ಲಾರಿ ಮಾಲೀಕರೊಬ್ಬರು ಐಸ್ ಗುಡ್ಡ ಬರೆಸಿಕೊಂಡು, ಬುಡದಲ್ಲಿ ಖಾಲಿ ಜಾಗ ಯಾಕೆ ಬಿಟ್ಟೆ ಎಂದು ಜಗಳ ತೆಗೆದರು. "ಗದ್ದಿ ಇರದ ಊರು ಎಂಥಾ ಊರೋ?" ಪೇಂಟರ್ ಹಿಮದ ಬೆಟ್ಟದ ಕೆಳಗೆ ಹಸಿರು ಭತ್ತದ ಗದ್ದೆ ಬರೆದರು, ಬದುವಿಗೆ ಬಾಳೆಗಿಡ ನಿಲ್ಲಿಸಿದರು. ನಾನು ಹೌಹಾರಿದೆ. "ಅಷ್ಟು ಚಳಿಯಲ್ಲಿ ಬಾಳೆ ಬದುಕುತ್ತಾ?"

"ಬದುಕಂಗಿಲ್ರಿ. ಆದ್ರ ಆ ಲಾರಿ ಕಂಪ್ಲಿ ದಾಟಿ ಭಾಳ ದೂರ ಹೋಗಂಗಿಲ್ಲ ಬಿಡ್ರಿ."

ಬಣ್ಣದ ವಿಷಯದಲ್ಲಿ ಮಾತ್ರ ಅವರು ಯಾರ ಮಾತೂ ಕೇಳುತ್ತಿರಲಿಲ್ಲ. ಲಾರಿಯ ತಗಡಿಗೆ ಮೊದಲು ಕೆಂಪು ಪ್ರೈಮರ್ ಹೊಡೆಯುವುದು ಎಲ್ಲರ ಪದ್ಧತಿ, ತುಕ್ಕು ಹಿಡಿಯದಿರಲಿ ಎಂದು. ಇವರು ಬಟ್ಟೆಯ ಪರದೆಗೂ ಬೆಟ್ಟ ಬರುವ ಜಾಗಕ್ಕೆ ಮೊದಲು ಕೆಂಪೇ ಬಳಿಯುತ್ತಿದ್ದರು. ಅದೂ ಊರಿನಿಂದ ತಂದ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಅರೆದು ಮಾಡಿದ ಕೆಂಪು. ಅದು ಒಣಗಿದ ಮೇಲೆ ಬಿಳಿ. "ಕೆಂಪು ಇಲ್ಲದ ಬಿಳಿ ಗುಡ್ಡದ ಮ್ಯಾಲೆ ಕುಂದ್ರಂಗಿಲ್ರಿ, ಜಾರತೈತಿ." ಗುಡಿಸಲಿನಿಂದ ಬೆಟ್ಟಕ್ಕೆ ಹೋಗುವ ಕಾಲುದಾರಿಯನ್ನೂ ಕೆಂಪಾಗಿಯೇ ಬಿಡುತ್ತಿದ್ದರು. ಹಿಮದ ನಾಡಿನಲ್ಲಿ ಕೆಂಪು ಮಣ್ಣು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, "ಕಾಲಿಗೆ ಹತ್ತೇತ್ರಿ, ಹೋಗವಲ್ದು" ಎಂದು ನಕ್ಕರು.

ಆದರೆ ನನ್ನ ದೊಡ್ಡ ತಕರಾರು ಇದ್ದದ್ದು ಬೆಟ್ಟದ ತಲೆಯ ಮೇಲೆ. ಅವರ ಹಿಮದ ಬೆಟ್ಟಕ್ಕೆ ಶಿಖರವೇ ಇರಲಿಲ್ಲ. ಮೇಲ್ಗಡೆ ಉದ್ದಕ್ಕೆ ಚಪ್ಪಟೆ, ಒಂದು ತುದಿಗೆ ಸಣ್ಣದೊಂದು ಉಬ್ಬು, ಮಂಚದ ಮೇಲೆ ದಿಂಬು ಇಟ್ಟ ಹಾಗೆ. ಆಲ್ಪ್ಸ್ ಇರಲಿ, ಹಿಮಾಲಯ ಇರಲಿ, ಅಂಥ ಬೆಟ್ಟದ ತಲೆ ಚೂಪಾಗಿರುತ್ತದೆ, ಯಾಕೆಂದರೆ ಹಿಮ ಅದನ್ನು ಮೂರು ನಾಲ್ಕು ಕಡೆಯಿಂದ ಕೊರೆದು ಕೊರೆದು ಉಳಿದದ್ದಷ್ಟೇ ಶಿಖರ ಎಂದು ನಾನು ವಿವರಿಸಿದೆ.

"ಅಂದ್ರ ಐಸೂ ಮೈನಿಂಗ್ ಮಾಡತೈತಿ ಅನ್ರಿ."

"ಮಾಡುತ್ತೆ. ಅದಕ್ಕೇ ತಲೆ ಚೂಪು. ನಿಮ್ಮದಕ್ಕೆ ದಿಂಬು ಯಾಕೆ?"

"ಯಾಕ್ರಿ, ಹಿಮಾಲಯಕ್ಕ ನಿದ್ದಿ ಬರಬಾರದೇನು?"

ಒಮ್ಮೆ ಒಂದು ಸಣ್ಣ ಹಲಗೆಯ ಮೇಲೆ ಐಸ್ ಗುಡ್ಡ ಬರೆದುಕೊಂಡು ಹಂಪಿಗೆ ಹೋದರು. ಹಿಮದ ದೇಶದಿಂದ ಬಂದ ಯಾರಾದರೂ ಫಾರಿನ್ ಮನುಷ್ಯ ಸಿಕ್ಕರೆ ತೋರಿಸಿ ಸರಿಯಿದೆಯೋ ಇಲ್ಲವೋ ಕೇಳಬೇಕು ಎಂದು. ಸಂಜೆ ಕುಣಿದುಕೊಂಡು ಬಂದರು. ಮಾತಂಗ ಬೆಟ್ಟದ ಮೇಲೆ ಒಬ್ಬ ಸಿಕ್ಕನಂತೆ. ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ಕೈ ಎತ್ತಿ ದೂರದಲ್ಲಿ ಕಾಣುವ ಸಂಡೂರ ಗುಡ್ಡಗಳ ಸಾಲನ್ನು ತೋರಿಸಿದನಂತೆ.

"ಅವನಿಗೆ ಗೊತ್ತಾತ್ರಿ ಅಕ್ಕಾರ!"

ಅವನು ಗೇಲಿ ಮಾಡಿದ್ದಾನೆ, ಅಷ್ಟೂ ತಿಳಿಯಲಿಲ್ಲವಲ್ಲ ಈ ಮನುಷ್ಯನಿಗೆ ಎಂದುಕೊಂಡೆ ನಾನು. ಓದಿದವರ ದಡ್ಡತನಕ್ಕೆ ಮದ್ದಿಲ್ಲ.

ಆ ವರ್ಷ ಶಾಲೆಗಳ ವಸ್ತುಪ್ರದರ್ಶನ ಬಂತು. ಹಿಮಪರ್ವತಗಳ ಭೂರಚನೆಯ ಮೇಲೆ ದೊಡ್ಡ ಚಿತ್ರಪಟ ಮಾಡಿಸೋಣ ಎಂದು ಪೇಂಟರ್‌ಗೆ ಹೇಳಿದೆ. ಹಿಮರೇಖೆ, ಮರಗಳ ಗಡಿ, ಹಿಮನದಿ, ಅದರ ಡಂಪು, ಕೆರೆ, ಎರಡೇ ತಿಂಗಳ ಬೇಸಿಗೆಯಲ್ಲಿ ಅರಳುವ ಹೂವಿನ ಬಯಲು, ಎಲ್ಲವನ್ನೂ ಅವರು ಎಷ್ಟು ಚೆಂದ ಬರೆದಿದ್ದರೆಂದರೆ ನೋಡಿದವರಿಗೆ ಚಳಿಯಾಗಬೇಕು. ನಾನು ಶಾಲೆಯ ಗಡಿಬಿಡಿಯಲ್ಲಿ ಪೂರ್ತಿ ನೋಡದೆ ಸುತ್ತಿಕೊಂಡು ಹೋದೆ. ಪ್ರದರ್ಶನದಲ್ಲಿ ಬಿಚ್ಚಿದಾಗಲೇ ಕಂಡದ್ದು: ಚಪ್ಪಟೆ ತಲೆ, ಪಕ್ಕಕ್ಕೆ ದಿಂಬು.

ತೀರ್ಪುಗಾರರೊಬ್ಬರು ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ, ಹಿಮಾಲಯದ ಮೇಲೆ ರೋಡ್ ರೋಲರ್ ಓಡಿಸಿದ್ದೀರಾ?" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ನನ್ನ ವಿದ್ಯಾರ್ಥಿನಿಯರೂ ನಕ್ಕರು.

ಆ ಸಿಟ್ಟನ್ನು ಹೊತ್ತುಕೊಂಡೇ ಸ್ಟುಡಿಯೋಗೆ ಬಂದೆ. ಮಾಲೀಕರು, ಫೋಟೋಗೆ ಬಂದ ಗಿರಾಕಿಗಳು, ಎಲ್ಲರೂ ಇದ್ದರು. ಎಲ್ಲರ ಮುಂದೆ ಕೇಳಿದೆ, "ನೋಡದೇ ಇರೋದನ್ನ ಯಾಕ್ರಿ ಬರೀತೀರಿ?"

ಅವರು ಕೂತಲ್ಲಿಂದ ಎದ್ದು ನಿಂತರು. "ನೋಡೀನ್ರಿ ಅಕ್ಕಾರ" ಎಂದರು, ಮೆಲ್ಲಗೆ.

"ಯಾವಾಗ ಹೋಗಿದ್ರಿ ಹಿಮಾಲಯಕ್ಕೆ?"

ಅವರು ಬ್ರಷ್ಷನ್ನು ತೊಡೆಗೆ ಒರೆಸಿದರು, ಮತ್ತೆ ಒರೆಸಿದರು. ನಾನೂ ಹಿಮ ನೋಡಿದವಳಲ್ಲ ಎಂಬುದು ಆ ಹೊತ್ತಿಗೆ ನನಗೆ ನೆನಪಾಗಲಿಲ್ಲ.

ಒಂದು ವಾರ ಬಿಟ್ಟು ಕೆಳಗಿನಿಂದ ಕರೆದರು. ಸ್ಟುಡಿಯೋದ ದೊಡ್ಡ ಪರದೆಯನ್ನು ಇಳಿಸಿ ಬೆಟ್ಟದ ತಲೆಯನ್ನು ಪೂರ್ತಿ ಹೊಸದಾಗಿ ಬರೆದಿದ್ದರು. ಆಕಾಶಕ್ಕೆ ಚುಚ್ಚುವ ಮೂರು ಶಿಖರ. ಒಂದೊಂದರ ಪಕ್ಕೆಯಲ್ಲೂ ನೀಲಿ ನೆರಳು.

"ಈಗ ಸರಿ ಐತೇನ್ರಿ?"

"ಈಗ ಸರಿ" ಎಂದೆ.

ಅಲ್ಲಿಂದ ಮುಂದೆ ಅವರು ಬರೆದ ಎಲ್ಲ ಲಾರಿ, ಎಲ್ಲ ಪರದೆ, ಎಲ್ಲ ಹೋಟೆಲಿನ ಗೋಡೆಯಲ್ಲೂ ಬೆಟ್ಟ ಚೂಪೇ. ನಾನು ದಾರಿಯಲ್ಲಿ ಅಂಥ ಲಾರಿ ಕಂಡಾಗಲೆಲ್ಲ ಯಜಮಾನರ ಮೊಣಕೈ ತಿವಿದು, "ನೋಡಿ, ನನ್ನ ಶಿಷ್ಯ" ಎನ್ನುತ್ತಿದ್ದೆ.

ಆಮೇಲೆ ನಾವು ಬೇರೆ ಕಡೆ ಮನೆ ಮಾಡಿದೆವು. ಫ್ಲೆಕ್ಸ್ ಬಂತು. ಒಂದು ಗಂಟೆಯಲ್ಲಿ ಮಷಿನ್ನಿನಿಂದ ನಿಜವಾದ ಸ್ವಿಟ್ಜರ್ಲೆಂಡೇ ಇಳಿದು ಬರುವಾಗ ವಾರವೆಲ್ಲ ಕೂತು ಬರೆಯುವ ಗುಡ್ಡ ಯಾರಿಗೆ ಬೇಕು? ಬೋರ್ಡಿನ ಕೆಲಸ ನಿಂತಿತು. ಸ್ಟುಡಿಯೋವೂ ಮುಚ್ಚಿತು. ಪೇಂಟರ್ ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೋದರೆಂದು ಕೇಳಿದೆ. ನಡುವೆ ಯಜಮಾನರು ಹೋದರು. ನಾನು ನಿವೃತ್ತಳಾದೆ.

ನಿವೃತ್ತಿಯ ಮರುವರ್ಷ ಓಣಿಯ ಹೆಂಗಸರ ಜೊತೆ ಬದರಿ ಯಾತ್ರೆಗೆ ಹೋದೆ. ಒಂದು ಬೆಳಿಗ್ಗೆ ಬಸ್ಸಿನ ಕಿಟಕಿ ಒರೆಸಿದೆ, ಹಿಮದ ಬೆಟ್ಟ ಎದುರಿಗೇ ನಿಂತಿತ್ತು. ಎಲ್ಲರೂ ಕೈ ಮುಗಿದರು. ನಾನು ಅತ್ತುಬಿಟ್ಟೆ. ಭಕ್ತಿಗೆ ಅಂದುಕೊಂಡರು ಅವರು. ನಾನು ಅತ್ತದ್ದು ಬೇರೆಯದಕ್ಕೆ. ಬಿರುಕಿನಲ್ಲಿ ನೀಲಿ ಇತ್ತು, ಇಷ್ಟೇ ಇಷ್ಟು ಹಸಿರು ಇತ್ತು. ಪೇಂಟರ್‌ಗೆ ಹೇಳಬೇಕು ಅನ್ನಿಸಿತು.

ಹಾಗೆ ನಾನು ಬಂಡ್ರಿಯ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರು ಅಂಗಳದ ಮಂಚದ ಮೇಲೆ ಕೂತಿದ್ದರು. ಸಕ್ಕರೆ ಕಾಯಿಲೆಗೆ ಇನ್ನೂ ಸಣಕಲಾಗಿದ್ದರು, ಕಣ್ಣು ಮಂಜಾಗಿತ್ತು. ನನ್ನ ದನಿ ಹಿಡಿದೇ ಎದ್ದರು.

"ಅಯ್ಯ, ಅಕ್ಕಾರ! ಬರ್ರಿ, ಕುಂದ್ರಿ. ಏ ಇವಳೇ, ನೋಡಲ್ಲಿ ಯಾರು ಬಂದಾರ. ಮಿರ್ಚಿ ಹಾಕು."

ಮೊಬೈಲಿನಲ್ಲಿ ಹಿಮಾಲಯ ತೋರಿಸಿದೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. "ಚೂಪೇ ಐತಲ್ರಿ! ನೀವು ಹೇಳಿದ್ದು ಖರೆ." ನೀಲಿಯ ಬಗ್ಗೆ ನೀವು ಹೇಳಿದ್ದೂ ಖರೆ ಎಂದೆ. ಚಿಕ್ಕ ಹುಡುಗನಂತೆ ಹೆಂಡತಿಯ ಕಡೆ ತಿರುಗಿ, "ಕೇಳಿದೇನ?" ಎಂದರು.

ಮನೆಯ ಎದುರಿಗೆ ನೋಡಿದೆ. ಹೊಲದಾಚೆ ಬೆಟ್ಟ ಇರಬೇಕಾದಲ್ಲಿ ಕೆಂಪು ಮೆಟ್ಟಿಲುಗಳಂತೆ ಕತ್ತರಿಸಿದ ಒಂದು ಗುಂಡಿ, ಅದರ ಪಕ್ಕಕ್ಕೆ ಡಂಪಿನ ದಿಬ್ಬ. ಗಣಿ ನಿಂತು ಬಹಳ ವರ್ಷವಾಗಿತ್ತು, ದಿಬ್ಬದ ಮೇಲೆ ಜಾಲಿ ಬೆಳೆದಿತ್ತು.

"ಇಲ್ಲಿ ಮೊದಲು ಏನಿತ್ತು?"

"ಮಂಚದ ಗುಡ್ಡ" ಎಂದರು. "ಊರಾಗ ಹಂಗ ಕರೀತಿದ್ವಿ. ಮ್ಯಾಲೆ ಚಪ್ಪಟಿ, ಒಂದು ತುದಿಗಿ ದಿಂಬು. ನಿಮಗ ಸೇರಲಿಲ್ಲಲ್ರಿ, ಅದೇ."

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನನ್ನ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು.

"ನಮ್ಮವ್ವ ಅದರ ಬುಡದಾಗ ಅದಿರಿನ ಬುಟ್ಟಿ ಹೊತ್ತಾಕಿ. ನಾನು ಇದೇ ಅಂಗಳದಾಗ ಕುಂತು ಅದನ್ನ ನೋಡಕೋತ ಬೆಳದಂವ. ಗುಡ್ಡ ಅಂದ್ರ ನನಗ ಅದೊಂದೇ ಗೊತ್ತಿತ್ರಿ. ಸ್ಟುಡಿಯೋದವರು ಐಸ್ ಗುಡ್ಡ ಬೇಕು ಅಂದ್ರು. ಅದಕ್ಕ ಐಸು ಹಚ್ಚಿ ಕೊಟ್ಟೆ."

ನೋಡೀನ್ರಿ ಅಕ್ಕಾರ ಎಂದು ಅವರು ಅಂದದ್ದು ಇಷ್ಟು ವರ್ಷದ ಮೇಲೆ ನನಗೆ ಅರ್ಥವಾಯಿತು. ಬೆಟ್ಟ ಅಗೆದು ಇಲಿ ಹಿಡಿದರು ಎಂದೇನೋ ಗಣಿಯವರನ್ನು ಬೈಯಲು ಹೋದೆ. ಅವರು ನಕ್ಕರು. "ಇಲಿ ಹಿಡೀಲಿಲ್ರಿ ಅವ್ರು. ಗುಡ್ಡಾನೇ ಹಿಡ್ಕಂಡು ಹೋದ್ರು."

ಆಮೇಲೆ ಕೇಳಿದರು. "ಅಕ್ಕಾರ, ದಿಂಬು ಎಡಕ್ಕಿತ್ತೋ ಬಲಕ್ಕಿತ್ತೋ ನೆನಪೈತೇನ್ರಿ?"

"ನಿಮಗೆ ನೆನಪಿಲ್ಲವಾ?"

"ಬರದ್ರ ಗೊತ್ತಾಗಬೇಕು. ಈ ಗ್ವಾಡಿ ಮ್ಯಾಲೆ ಎಷ್ಟು ಸಲ ಬರದು ಒರಸೀನಿ. ಚೂಪು ಬರದು ಬರದು ಕೈ ಮರತೈತ್ರಿ. ಕಣ್ಣು ಮುಚ್ಚಿದ್ರೂ ಚೂಪೇ ಬರತೈತಿ. ಊರಾಗ ಕೇಳಿದೆ, ಒಬ್ಬೊಬ್ರು ಒಂದೊಂದು ಹೇಳತಾರ. ನೀವು ತಪ್ಪು ಹುಡುಕಾಕರ ಭಾಳ ಚೊಲೋ ನೋಡಿದ್ರಲ್ಲ, ಅದಕ್ಕ ಕೇಳಿದೆ."

ನನಗೂ ನೆನಪಿರಲಿಲ್ಲ. ಅಷ್ಟು ಸಲ ಬೆರಳು ತೋರಿಸಿ ಬೈದಿದ್ದೆ, ಬೆರಳು ಎಡಕ್ಕೆ ಹೋಗುತ್ತಿತ್ತೋ ಬಲಕ್ಕೋ ಎಂಬುದು ಬರಲೇ ಇಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಡಂಪಿನ ದಿಬ್ಬಗಳನ್ನೇ ನೋಡುತ್ತ ಬಂದೆ. ಗಣಿಯವರು ಹೊತ್ತು ಹೋದದ್ದು ಮಣ್ಣು. ಪೇಂಟರ್ ಕೈಯಲ್ಲಿ ಉಳಿದಿದ್ದ ಗುಡ್ಡವನ್ನು ತೆಗೆದವಳು ನಾನು.

ಮನೆಗೆ ಬಂದವಳೇ ಟ್ರಂಕಿನಿಂದ ನಮ್ಮ ಹಳೆಯ ಫೋಟೋ ತೆಗೆದೆ. ಮದುವೆಯಾದ ಹೊಸತರಲ್ಲಿ ಅದೇ ಪರದೆಯ ಮುಂದೆ ತೆಗೆಸಿದ್ದು. ನಮ್ಮ ಯಜಮಾನರ ತಲೆಯೇನು ಸಣ್ಣದಲ್ಲ. ಅವರ ತಲೆ, ನನ್ನ ತುರುಬಿನ ಮಲ್ಲಿಗೆ, ಎರಡೂ ಸೇರಿ ಗುಡ್ಡವನ್ನು ಪೂರ್ತಿ ನುಂಗಿದ್ದವು. ಸ್ಟುಡಿಯೋ ಮಾಲೀಕರ ಮಗನನ್ನು ಹುಡುಕಿ ಹೋದೆ. ನೆಗೆಟಿವ್‌ಗಳನ್ನೆಲ್ಲ ಮನೆ ಖಾಲಿ ಮಾಡುವಾಗ ಎಸೆದರಂತೆ. ಕೊನೆಗೆ ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿಗೆ ಬರೆದೆ: "ಮಕ್ಕಳೇ, ನಿಮ್ಮ ಮನೆಯಲ್ಲಿ ಐಸ್ ಗುಡ್ಡದ ಮುಂದೆ ತೆಗೆಸಿದ ಹಳೆಯ ಫೋಟೋ ಇದ್ದರೆ ಕಳಿಸಿ." ಹಿಮಪರ್ವತ ಎಂದು ಬರೆಯಲಿಲ್ಲ, ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಫೋಟೋಗಳು ಬರತೊಡಗಿದವು. ಮದುಮಕ್ಕಳು, ಪಂಚೆ ಉಟ್ಟ ಅಜ್ಜಂದಿರು, ರಿಬ್ಬನ್ ಕಟ್ಟಿದ ಅಕ್ಕತಂಗಿಯರು, ಗಾಗಲ್ ಹಾಕಿದ ಸೋದರಮಾವಂದಿರು. ಎಲ್ಲರ ತಲೆಯೂ ಸರಿಯಾಗಿ ಗುಡ್ಡದ ತಲೆಯ ಮೇಲೇ. ಒಂದರಲ್ಲಿ ಕೆರೆ ಕಂಡರೆ ಇನ್ನೊಂದರಲ್ಲಿ ಗುಡಿಸಲು. ಚೂಪು ಶಿಖರದವೂ ಬಹಳ ಬಂದವು. ಆ ಒಂದೊಂದನ್ನು ನೋಡುವಾಗಲೂ ನನ್ನದೇ ದನಿ ಕೇಳಿದಂತಾಗುತ್ತಿತ್ತು: ಈಗ ಸರಿ, ಈಗ ಸರಿ.

ಹನ್ನೊಂದನೆಯ ದಿನವೋ ಏನೋ, ಕಂಪ್ಲಿಯಲ್ಲಿ ನರ್ಸ್ ಆಗಿರುವ ಒಬ್ಬ ವಿದ್ಯಾರ್ಥಿನಿ ತನ್ನ ತಮ್ಮನ ಫೋಟೋ ಕಳಿಸಿದಳು. ಆರು ತಿಂಗಳ ಕೂಸು, ಮೈಮೇಲೆ ಉಡಿದಾರ ಬಿಟ್ಟರೆ ನೂಲಿಲ್ಲ, ಕೆನ್ನೆಗೆ ದೃಷ್ಟಿಬೊಟ್ಟು, ಬೋರಲು ಮಲಗಿ ತಲೆ ಎತ್ತಿ ಬೊಚ್ಚುಬಾಯಿ ಬಿಟ್ಟು ನಗುತ್ತಿದೆ. ಕೂಸು ನೆಲದಲ್ಲಿದ್ದುದರಿಂದ ಹಿಂದಿನ ಗುಡ್ಡ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತಿತ್ತು. ಚಪ್ಪಟೆ. ದಿಂಬು ಎಡಕ್ಕೆ.

ಆ ಕೂಸು ಈಗ ಲಾರಿ ಡ್ರೈವರ್. ಅರ್ಧ ಗಂಟೆಯಲ್ಲಿ ಅವನದೇ ಫೋನು ಬಂತು. "ಟೀಚರ್, ಅಕ್ಕ ಕಳಿಸ್ಯಾಳಂತಲ್ಲ, ದಯಮಾಡಿ ಯಾರಿಗೂ ಫಾರ್ವರ್ಡ್ ಮಾಡಬ್ಯಾಡ್ರಿ!"

ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂಡ್ರಿಗೆ ಹೋದೆ. ಪೇಂಟರ್ ಅದನ್ನು ಬಿಸಿಲಿಗೆ ಹಿಡಿದು, ಎಡಗೈಯ ಉಗುರಿನಿಂದ ಗುಡ್ಡದ ಗೆರೆಯ ಮೇಲೆ ಮೆಲ್ಲಗೆ ಎಳೆದರು. ದಿಂಬು ಹತ್ತಿ ಇಳಿದರು, ಚಪ್ಪಟೆಯ ಉದ್ದಕ್ಕೂ ನಡೆದರು, ಬಲದ ತುದಿಯಲ್ಲಿ ಜಾರಿದರು. ಆಮೇಲೆ ಮತ್ತೆ ಎಡಕ್ಕೆ ಬಂದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಎಡಕ್ಕ ಐತಿ ನೋಡೇ" ಎಂದು ಹೆಂಡತಿಗೆ ಹೇಳಿದರು. "ನಾನು ಎಡಕ್ಕ ಅಂತನೇ ಅಂದಿದ್ದೆ."

"ಬಲಕ್ಕ ಅಂದಿದ್ರಿ" ಎಂದರು ಆಕೆ.

ನಾನು ಕ್ಷಮೆ ಕೇಳಿದೆ. ಎಷ್ಟು ದಿನದಿಂದ ಹೊಂದಿಸಿಟ್ಟ ಮಾತು ಅದು. ಅವರು ಕೈ ಅಡ್ಡ ಆಡಿಸಿದರು. "ಬಿಡ್ರಿ ಅಕ್ಕಾರ. ಐಸ್ ಗುಡ್ಡ ಚೂಪೇ ಇರಬೇಕು, ನೀವು ಖರೆ ಪಾಠ ಹೇಳಿದ್ರಿ. ಇದು ಐಸ್ ಗುಡ್ಡ ಅಲ್ಲ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ." ಆಮೇಲೆ ಎದುರಿನ ಗೋಡೆ ತೋರಿಸಿದರು. "ಈ ಸಲ ಐಸು ಹಚ್ಚಂಗಿಲ್ಲ. ಮಳಿ ಬಂದಮ್ಯಾಲೆ ಹೆಂಗಿರತಿತ್ತೋ ಹಂಗ. ಬುಡಕ್ಕ ಹಸರು, ಮ್ಯಾಲೆ ಕೆಂಪು. ಗೆರಿ ಎಳದು ಇಡತೀನಿ, ನೀವು ಬಂದು ನೋಡ್ರಿ."

ಮುಂದಿನ ಭಾನುವಾರ ಬರುತ್ತೇನೆ ಎಂದೆ. ಆ ಭಾನುವಾರ ಮೊಣಕಾಲು ಹಿಡಿದುಕೊಂಡಿತ್ತು. ಅದರ ಮುಂದಿನ ಭಾನುವಾರ ನೆಂಟರ ಮನೆಯ ಮದುವೆ. ಮೂರನೆಯ ಭಾನುವಾರಕ್ಕೆ ಮೊದಲೇ ಅವರು ಹೋಗಿಬಿಟ್ಟರು. ಸುದ್ದಿ ನನಗೆ ಮುಟ್ಟಿದ್ದು ಮಣ್ಣಾಗಿ ಐದು ದಿನದ ಮೇಲೆ.

ಹೋದಾಗ ಅಂಗಳದಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಸುಣ್ಣ ಹೊಡೆದ ಗೋಡೆಯ ಮೇಲೆ ಇದ್ದಿಲಿನ ಗೆರೆ ಇತ್ತು. ಪಕ್ಕಕ್ಕೆ ಮೊಳೆಗೆ ಸಿಕ್ಕಿಸಿದ ಬೋರಲು ಕೂಸಿನ ಫೋಟೋ. ಎಡಗಡೆ ನೆಲದಿಂದ ಹೊರಟ ಗೆರೆ ಮೇಲೇರಿ, ದಿಂಬಿನ ಮೇಲೆ ಮೆತ್ತಗೆ ಬಾಗಿ ಇಳಿದು, ಚಪ್ಪಟೆ ಶುರುವಾಗುವ ಜಾಗಕ್ಕೆ ನಿಂತಿತ್ತು. ಅಲ್ಲಿಂದ ಮುಂದೆ ಬರೀ ಸುಣ್ಣ.

"ಆರಾಮಿರಲಿಲ್ಲವಾ, ಅದಕ್ಕೇ ಮುಗಿಸಲಿಲ್ಲವಾ?" ಎಂದೆ.

"ಇಲ್ರಿ. ಗೆರಿ ಎಳದ ದಿನ ಆರಾಮೇ ಇದ್ರು. ಪೂರಾ ಎಳೀರಿ ಅಂದೆ ನಾನು. ಬ್ಯಾಡ, ದಿಂಬು ಸರಿ ಬಂದೈತೋ ಇಲ್ಲೋ, ಅಕ್ಕಾರು ಬರಲಿ, ನೋಡಿ ಸರಿ ಅಂದಮ್ಯಾಲೆ ಮುಂದ ಅಂದ್ರು. ದಿನಾ ಬ್ಯಾಗ್ ಹಿಡದು ಯಾರರ ಬಸ್ಸಿಳದ್ರ, ನೋಡು ಅಕ್ಕಾರೇನು ಅಂತಿದ್ರು."

ನಾನು ಗೋಡೆಗೆ ಕೈ ಕೊಟ್ಟು ನಿಂತು ಅತ್ತೆ. ಆಕೆ ನನ್ನ ಬೆನ್ನು ಸವರಿದರು. ಸಮಾಧಾನ ಮಾಡಲು ಹೋದವಳು ನಾನು.

ಸ್ವಲ್ಪ ಹೊತ್ತಿನ ಮೇಲೆ ಆಕೆ ಒಳಗೆ ಹೋಗಿ ಒಂದು ಇದ್ದಿಲ ತುಂಡು ತಂದು ನನ್ನ ಕೈಗೆ ಇಟ್ಟರು. "ಸರಿ ಐತೇನ್ರಿ?"

ಫೋಟೋ ನೋಡಿದೆ, ಗೋಡೆ ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಸರಿ ಐತಿ" ಎಂದೆ.

ಅವರ ಗೆರೆ ನಿಂತ ಜಾಗಕ್ಕೆ ಇದ್ದಿಲು ಇಟ್ಟೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಶಿಖರಗಳನ್ನೇ ಬರೆದ ಕೈ, ಮೇಲಕ್ಕೆ ಹೋಗಲು ನೋಡಿತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡೆ. ಬಲದ ತುದಿಯವರೆಗೂ ಚಪ್ಪಟೆಯಾಗಿಯೇ ಎಳೆದೆ.